ದಾಲ್ ಮಿಲ್ಲಿನ ಲೆಕ್ಕ, ಎರಡು ಡೇಟಾಬೇಸ್, ಐದೂವರೆ ತಾಸಿನ ಫರಕು

ಕಲಬುರಗಿಯ ಒಂದು ದಾಲ್ ಮಿಲ್ಲಿನ ಲೆಕ್ಕಪತ್ರವನ್ನು ಮೈಎಸ್‌ಕ್ಯುಎಲ್ ಅನ್ನುವ ಡೇಟಾಬೇಸ್‌ನಿಂದ ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದಕ್ಕೆ ಸಾಗಿಸಿದ ಕೆಲಸದ ವಿವರ ಇದು. ಚೀಲದ ಲೆಕ್ಕ, ಕ್ವಿಂಟಲ್ ದರ, ಕಮಿಷನ್ ಮೇಲೆ ಮಾಲು ಮಾರಿಸಿಕೊಡುವ ಅಡತಿಯವರ ಖಾತೆ, ಕನ್ನಡದಲ್ಲಿ ಬರೆದ ರೈತರ ಹೆಸರು, ಇವೆಲ್ಲ ಜಾಸ್ತಿ ಗಲಾಟೆ ಮಾಡದೆ ದಾಟಿಕೊಂಡವು. ತಲೆ ತಿಂದದ್ದು ದಿನಾಂಕ ಮತ್ತು ಸಮಯ. ಹಾಗಾಗಿ ಉಳಿದದ್ದನ್ನು ಬಿಟ್ಟು ಅದನ್ನಷ್ಟೇ ಬರೆಯುತ್ತೇನೆ.

ಮಿಲ್ ಇರುವುದು ಹುಮನಾಬಾದ್ ರಸ್ತೆಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ. ಡಿಸೆಂಬರ್‌ನಲ್ಲಿ ಹೊಸ ತೊಗರಿ ಗಂಜ್‌ಗೆ, ಅಂದರೆ ಮಾರುಕಟ್ಟೆಗೆ, ಬರಲು ಶುರುವಾದರೆ ಮೂರ್ನಾಲ್ಕು ತಿಂಗಳು ಇಲ್ಲಿ ಹಗಲು ರಾತ್ರಿ ಅನ್ನೋ ಭೇದ ಇರುವುದಿಲ್ಲ. ಸವಾಲು, ಅಂದರೆ ಹರಾಜು, ಮುಗಿಸಿ ಸಂಜೆ ಗಾಡಿ ತುಂಬುತ್ತಾರೆ. ಗಾಡಿ ಮಿಲ್ಲಿನ ಕಾಂಟಾ, ಅಂದರೆ ತೂಕದ ಕಟ್ಟೆ, ಮೇಲೆ ಹತ್ತುವಾಗ ಕತ್ತಲಾಗಿರುತ್ತದೆ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಳೆಯ ಸಾಫ್ಟ್‌ವೇರ್ ಪಿಎಚ್‌ಪಿ ಭಾಷೆಯದು, ಕೆಳಗೆ ಮೈಎಸ್‌ಕ್ಯುಎಲ್ 5.5. ಆ ಆವೃತ್ತಿಗೆ ತಯಾರಕರ ಬೆಂಬಲ 2018ರ ಡಿಸೆಂಬರ್‌ನಲ್ಲೇ ಮುಗಿದಿತ್ತು. ಮೊದಲು ಅದು ಮಿಲ್ಲಿನ ಆಫೀಸಿನ ಕಂಪ್ಯೂಟರ್‌ನಲ್ಲೇ ಓಡುತ್ತಿತ್ತು. 2019ರ ಜೂನ್‌ನಲ್ಲಿ ಬೇರೆಯವರು ಅದನ್ನು ಹಾಗೇ ಎತ್ತಿ ಬಾಡಿಗೆ ಕ್ಲೌಡ್ ಸರ್ವರ್‌ಗೆ ಹಾಕಿದ್ದರು. ಹೊಸ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ 14ರ ಮೇಲೆ ಸಿದ್ಧವಾಗಿತ್ತು. ನಮ್ಮ ಪಾಲಿಗೆ ಬಂದದ್ದು ಹಳೆಯ ಡೇಟಾ ಸಾಗಿಸುವ ಕೆಲಸ.

ಟ್ರಯಲ್ ರನ್‌ನಲ್ಲಿ ಎಲ್ಲ ಟೇಬಲ್‌ಗಳೂ ತುಂಬಿದವು. ಎರಡೂ ಕಡೆ ಸಾಲುಗಳ ಎಣಿಕೆ ತಾಳೆಯಾಯಿತು, ಮೊತ್ತ ತಾಳೆಯಾಯಿತು. ಎಷ್ಟೋ ಕಡೆ ಕೆಲಸ ಇಲ್ಲಿಗೇ ಮುಗಿಯಿತು ಅನ್ನುತ್ತಾರೆ. ನಾವು ಮಿಲ್ಲಿನ ಮುನೀಮರನ್ನು ಕೂರಿಸಿ, ಅವರಿಗೆ ಚೆನ್ನಾಗಿ ನೆನಪಿದ್ದ ಕೆಲವು ಬಿಲ್ ತೆಗೆದು ತೋರಿಸಿದೆವು. ಅವರು ಮೊದಲು ಕೈ ಇಟ್ಟದ್ದು 2020ರ ಜನವರಿ 16ರ ಒಂದು ಬಿಲ್ ಮೇಲೆ. ಬಿಲ್ ಆದ ಸಮಯ 18:40:12. ಅದೇ ಸಾಲಿನಲ್ಲಿ, ಕಂಪ್ಯೂಟರ್‌ಗೆ ಎಂಟ್ರಿ ಆದ ಸಮಯ 13:10:12.

"ಬಿಲ್ ಆಗೂಕಿಂತ ಮೊದಲೇ ಎಂಟ್ರಿ ಹ್ಯಾಂಗ ಆಯ್ತ್ರಿ ಸರ?" ಅಂದರು.

ಲೆಕ್ಕ ಹಾಕಿ ನೋಡಿ, ಸರಿಯಾಗಿ ಐದೂವರೆ ತಾಸಿನ ಫರಕು. ಮೈಎಸ್‌ಕ್ಯುಎಲ್‌ನಲ್ಲಿ ತಾರೀಖು, ಸಮಯ ಎರಡನ್ನೂ ಒಟ್ಟಿಗೆ ಇಡುವ ಕಾಲಂ ಎರಡು ಬಗೆ. ಡೇಟ್‌ಟೈಮ್ ಅನ್ನುವುದು ನೀವು ಏನು ಬರೆದಿರೋ ಅದನ್ನೇ ಇಡುತ್ತದೆ, ಯಾವ ಊರಿನ ಗಡಿಯಾರ ಅಂತ ಕೇಳುವುದಿಲ್ಲ. ಟೈಮ್‌ಸ್ಟ್ಯಾಂಪ್ ಹಾಗಲ್ಲ. ಅದು ಒಳಗೆ ಯುಟಿಸಿಯಲ್ಲಿ, ಅಂದರೆ ಭಾರತಕ್ಕಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ಪ್ರಮಾಣ ಸಮಯದಲ್ಲಿ ಇಡುತ್ತದೆ, ತೋರಿಸುವಾಗ ಸೆಷನ್ನಿನ, ಅಂದರೆ ಆ ಹೊತ್ತಿನ ಸಂಪರ್ಕದ, ಸಮಯವಲಯಕ್ಕೆ ತಿರುಗಿಸುತ್ತದೆ. ಇನ್ನು ಡಂಪ್, ಅಂದರೆ ಡೇಟಾಬೇಸ್‌ನ ನಕಲನ್ನು ಫೈಲಿಗೆ, ತೆಗೆಯುವ ಟೂಲ್‌ಗೆ ಒಂದು ಅಭ್ಯಾಸ ಇದೆ. ನೀವು ಬೇಡ ಅನ್ನದ ಹೊರತು ಅದು ಸೆಷನ್ನನ್ನು ಯುಟಿಸಿಗೆ ಇಟ್ಟುಕೊಂಡೇ ಡಂಪ್ ತೆಗೆಯುತ್ತದೆ. ಮೈಎಸ್‌ಕ್ಯುಎಲ್‌ನಿಂದ ಮೈಎಸ್‌ಕ್ಯುಎಲ್‌ಗೇ ಹೋಗುವುದಾದರೆ ಅದು ಒಳ್ಳೆಯದೇ, ಆ ಕಡೆ ತುಂಬುವಾಗ ಎಲ್ಲ ಸರಿಹೋಗುತ್ತದೆ. ಬೇರೆ ಡೇಟಾಬೇಸ್‌ಗೆ ಒಯ್ದರೆ ಕಥೆ ಬೇರೆ. ಬಿಲ್ ಸಮಯ ಡೇಟ್‌ಟೈಮ್, ಪಿಎಚ್‌ಪಿ ಭಾರತದ ಗಡಿಯಾರ ನೋಡಿ ಬರೆದದ್ದು. ಎಂಟ್ರಿ ಸಮಯ ಟೈಮ್‌ಸ್ಟ್ಯಾಂಪ್. ಡಂಪ್ ಫೈಲಿನಲ್ಲಿ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಎರಡು ಸಮಯ, ಒಂದು ಕಲಬುರಗಿಯದು, ಇನ್ನೊಂದು ಯುಟಿಸಿಯದು. ನೋಡಲು ಎರಡೂ ಒಂದೇ ಥರ, ಯಾವುದಕ್ಕೂ ಗುರುತಿಲ್ಲ.

ಪೋಸ್ಟ್‌ಗ್ರೆಸ್ ಕಡೆಯೂ ಎರಡು ಬಗೆ ಇವೆ, ಆದರೆ ಹೆಸರು ಅದಲುಬದಲು. ಅಲ್ಲಿ ಬರೀ ಟೈಮ್‌ಸ್ಟ್ಯಾಂಪ್ ಅಂದರೆ ವಲಯ ಇಲ್ಲದ್ದು, ಅಂದರೆ ಮೈಎಸ್‌ಕ್ಯುಎಲ್‌ನ ಡೇಟ್‌ಟೈಮ್‌ಗೆ ಹತ್ತಿರ. ವಲಯ ನೋಡುವುದು ಟೈಮ್‌ಸ್ಟ್ಯಾಂಪ್‌ಟಿಝಡ್. ಅದೂ ವಲಯವನ್ನು ನೆನಪಿಟ್ಟುಕೊಳ್ಳುವುದಿಲ್ಲ. ಒಳಗೆ ಬರುವಾಗ ಯುಟಿಸಿಗೆ ತಿರುಗಿಸಿಕೊಂಡು, ಹೊರಗೆ ಹೋಗುವಾಗ ನಿಮ್ಮ ಸೆಷನ್ನಿನ ವಲಯದಲ್ಲಿ ತೋರಿಸುತ್ತದೆ, ಅಷ್ಟೇ. ಹೆಸರು ನೋಡಿ ಟೈಮ್‌ಸ್ಟ್ಯಾಂಪ್‌ಗೆ ಟೈಮ್‌ಸ್ಟ್ಯಾಂಪ್ ಅಂತ ಜೋಡಿ ಮಾಡಿದರೆ ಉಲ್ಟಾ ಆಗುತ್ತದೆ. ಡೇಟಾವನ್ನು ಪೋಸ್ಟ್‌ಗ್ರೆಸ್‌ಗೆ ತುಂಬಿಸಿಕೊಡುವ ಪಿಜಿಲೋಡರ್‌ನಂಥ ಟೂಲ್ ಈ ಎರಡನ್ನೂ ತಾನಾಗಿಯೇ ಟೈಮ್‌ಸ್ಟ್ಯಾಂಪ್‌ಟಿಝಡ್ ಮಾಡುತ್ತದೆ. ಅದು ನೋಡುವುದು ಕಾಲಂ ಯಾವ ಬಗೆ ಅಂತ. ಒಳಗೆ ಯಾರ ಗಡಿಯಾರ ಕೂತಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಟೂಲನ್ನು ಬದಿಗಿಟ್ಟು, ದಿನಾಂಕ ಅಥವಾ ಸಮಯ ಇರುವ ಪ್ರತಿ ಕಾಲಂ ಬರೆದುಕೊಂಡೆವು. ಪಕ್ಕದಲ್ಲಿ ಎರಡು ಪ್ರಶ್ನೆ. ಇದನ್ನು ಬರೆದವರು ಯಾರು: ಪಿಎಚ್‌ಪಿಯಾ, ಡೇಟಾಬೇಸ್ ತಾನೇನಾ, ಕಾಂಟಾದ ಕಂಪ್ಯೂಟರಾ, ಕೈಯಿಂದ ಟೈಪ್ ಮಾಡಿದ್ದಾ? ಮತ್ತೆ, ಮಿಲ್ಲಿನವರಿಗೆ ಇದು ಒಂದು ಗಳಿಗೆಯಾ, ಒಂದು ತಾರೀಖಾ? ಮೊದಲನೆಯದಕ್ಕೆ ಹಳೆಯ ಕೋಡ್ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಮುನೀಮರೇ ಬೇಕು.

ಪಾವತಿ ಟೇಬಲ್

ಎಲ್ಲಕ್ಕಿಂತ ಸೊಗಸಾದ ತೊಡಕು ಇದ್ದದ್ದು ಪಾವತಿ ಟೇಬಲ್‌ನಲ್ಲಿ. ಹಣ ಕೊಟ್ಟ ಸಮಯದ ಕಾಲಂ ಡೇಟ್‌ಟೈಮ್. ಹಾಗಂದರೆ ಭಾರತದ ಸಮಯ ಅಂದುಕೊಳ್ಳಬೇಕು, ಅಲ್ವಾ? ಪರೀಕ್ಷೆಗೆ ಅಂತ ಪ್ರತಿ ತಿಂಗಳ ಪಾವತಿಗಳನ್ನು ತಾಸುವಾರು ಎಣಿಸಿ ಒಂದು ಪಟ್ಟಿ ಮಾಡಿದೆವು. 2019ರ ಮೇ ತನಕ ಪಾವತಿಗಳೆಲ್ಲ ಬೆಳಗ್ಗೆ 10ರಿಂದ ಸಂಜೆ 7ರ ಒಳಗೆ. ಜೂನ್‌ನ ನಡುವಿನಿಂದ ಇಡೀ ಗುಂಪು ಎದ್ದು ಹಿಂದೆ ಹೋಗಿತ್ತು, ನಸುಕಿನ 4:30ರಿಂದ ಮಧ್ಯಾಹ್ನ 1:30ರ ಒಳಗೆ. ಪಟ್ಟಿ ನೋಡಿದ ಮುನೀಮರು ನಕ್ಕರು.

"ನಸುಕಿನ್ಯಾಗ ನಾಕೂವರಿಗಿ ಯಾರ್ ರೊಕ್ಕಾ ಕೊಡ್ತಾರ್ರೀ? ಅವಾಗ ಆಫೀಸ್ ಬಾಗಲಾನೇ ತೆಗ್ದಿರಂಗಿಲ್ಲ."

ಕೋಡ್ ತೆಗೆದು ನೋಡಿದರೆ, ಬಿಲ್ ಬರೆಯುವಾಗ ಸಮಯ ಕೊಡುತ್ತಿದ್ದದ್ದು ಪಿಎಚ್‌ಪಿ. ಪಾವತಿ ಬರೆಯುವಾಗ ಮಾತ್ರ ಯಾರೋ 'ಈಗ' ಅನ್ನುವ ಮೈಎಸ್‌ಕ್ಯುಎಲ್‌ನ ಫಂಕ್ಷನ್ ಕರೆದಿದ್ದರು. ಆಫೀಸಿನ ಕಂಪ್ಯೂಟರ್‌ನಲ್ಲಿ ಇದ್ದಷ್ಟು ದಿನ ಅದು ಭಾರತದ ಸಮಯವನ್ನೇ ಕೊಟ್ಟಿತು. ಕ್ಲೌಡ್ ಸರ್ವರ್‌ನ ಗಡಿಯಾರ ಯುಟಿಸಿ. ಅಲ್ಲಿಗೆ ಹೋದ ದಿನದಿಂದ ಅದೇ ಕಾಲಂಗೆ ಯುಟಿಸಿ ಬೀಳಲು ಶುರುವಾಯಿತು. ಒಂದೇ ಕಾಲಂ, ಒಂದು ತಾರೀಖಿನ ತನಕ ಒಂದು ಗಡಿಯಾರ, ಆಮೇಲೆ ಇನ್ನೊಂದು.

ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ ಏಕೆ? ಹಳೆಯ ಪರದೆಯಲ್ಲಿ ಪಾವತಿಯ ತಾರೀಖು ಮಾತ್ರ ಕಾಣುತ್ತಿತ್ತು, ಸಮಯ ಕಾಣುತ್ತಿರಲಿಲ್ಲ. ಹಗಲಿನ ಸಮಯದಿಂದ ಐದೂವರೆ ತಾಸು ಕಳೆದರೂ ತಾರೀಖು ಅದೇ ಇರುತ್ತದೆ. ಬ್ಯಾಂಕಿನವರಂತೆ ಹಗಲಲ್ಲೇ ಹಣ ಕೊಡುವ ಪದ್ಧತಿ ಈ ತಪ್ಪನ್ನು ಮುಚ್ಚಿಟ್ಟಿತ್ತು.

ಸರಹದ್ದು ಹುಡುಕುವುದು ಅಷ್ಟು ಸುಲಭ ಆಗಲಿಲ್ಲ. ಪಾವತಿ ನಂಬರ್ ಏರಿದಂತೆ ಸಮಯವೂ ಏರಬೇಕು, ಎಲ್ಲಿ ಹಿಂದಕ್ಕೆ ಜಿಗಿಯುತ್ತದೋ ಅಲ್ಲೇ ಸರ್ವರ್ ಬದಲಾಗಿದೆ ಅಂತ ಮೊದಲು ಅನಿಸುತ್ತದೆ. ಆದರೆ ಸರ್ವರ್ ಬದಲಾದದ್ದು ರಾತ್ರಿ. ಹಿಂದಿನ ಸಂಜೆಯ ಕೊನೆಯ ಪಾವತಿಗಿಂತ ಮರುದಿನ ನಸುಕಿನ 4:35 ಮುಂದೆಯೇ ಇರುತ್ತದೆ, ಹಿಂದಕ್ಕೆ ಜಿಗಿಯುವುದೇ ಇಲ್ಲ. ಕೊನೆಗೆ ಬೆಳಗ್ಗೆ 5ಕ್ಕೆ ಮೊದಲಿನ ಪಾವತಿ ಮೊತ್ತಮೊದಲು ಕಂಡ ದಿನ ಯಾವುದು ನೋಡಿ, ಕಿರ್ದಿ ಪುಸ್ತಕ ತೆಗೆದು ಆ ದಿನದ ಪಾವತಿಗಳನ್ನು ತಾಳೆ ನೋಡಿ, ಪಾವತಿ ನಂಬರಿನ ಮೇಲೆ ಗೆರೆ ಹಾಕಿದೆವು. ಗೆರೆಯ ಹಿಂದಿನವು ಭಾರತದ ಸಮಯ, ಮುಂದಿನವು ಯುಟಿಸಿ. ಎರಡನ್ನೂ ಬೇರೆ ಬೇರೆ ನಿಯಮದಲ್ಲಿ ಟೈಮ್‌ಸ್ಟ್ಯಾಂಪ್‌ಟಿಝಡ್‌ಗೆ ಹಾಕಿದೆವು. ತಾಸುವಾರು ಪಟ್ಟಿ ಮತ್ತೆ ತೆಗೆದಾಗ ಮೇ ಮತ್ತು ಜುಲೈ ಒಂದೇ ಆಕಾರಕ್ಕೆ ಬಂದವು. ಈ ಪಟ್ಟಿಯನ್ನು ಎಲ್ಲರಿಗೂ ಹೇಳುತ್ತೇನೆ. ಸಾಲುಗಳ ಎಣಿಕೆ, ಮೊತ್ತ ಎಲ್ಲ ಸರಿ ಇದ್ದರೂ ಸಮಯ ಜಾರಿರಬಹುದು. ಅದು ಕಾಣುವುದು ಜನ ಯಾವ ಹೊತ್ತಿಗೆ ಕೆಲಸ ಮಾಡುತ್ತಾರೆ ಅನ್ನುವುದರಲ್ಲಿ.

ಎಲ್ಲ ಸೊನ್ನೆ

ಹಳೆಯ ಮೈಎಸ್‌ಕ್ಯುಎಲ್ 0000-00-00 ಅನ್ನುವ ತಾರೀಖನ್ನು ಒಪ್ಪಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಬಿಲ್‌ಕುಲ್ ಒಪ್ಪುವುದಿಲ್ಲ. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಅದನ್ನು ನಲ್, ಅಂದರೆ ಏನೂ ಇಲ್ಲದ ಖಾಲಿ ಜಾಗ, ಮಾಡುವುದು. ಟೂಲ್‌ಗಳೂ ಅದನ್ನೇ ಮಾಡುತ್ತವೆ. ಇಲ್ಲಿ ಹಾಗೆ ಮಾಡುವಂತಿರಲಿಲ್ಲ. ಬಿಲ್ ಟೇಬಲ್‌ನ 'ಹಣ ಕೊಟ್ಟ ತಾರೀಖು' ಕಾಲಂನಲ್ಲಿ ಸೊನ್ನೆಗೆ ಮೂರು ಅರ್ಥ ಇತ್ತು. ಇನ್ನೂ ಹಣ ಕೊಟ್ಟಿಲ್ಲ ಅನ್ನುವುದು ಒಂದು. ನಗದು ಬಿಲ್, ಅಲ್ಲೇ ಕೊಟ್ಟಾಯಿತು, ಬೇರೆ ತಾರೀಖು ಏಕೆ ಅನ್ನುವುದು ಇನ್ನೊಂದು. ಮೂರನೆಯದು ರದ್ದಾದ ಬಿಲ್. ಮುನೀಮರಿಗೆ ಬಿಲ್ ನಂಬರಿನ ಮುಂದಿನ ಅಕ್ಷರ ನೋಡಿದರೆ ಸಾಕು, ಯಾವುದು ಯಾವುದು ಅಂತ ಹೇಳುತ್ತಾರೆ. ಆ ತಿಳಿವಳಿಕೆ ಡೇಟಾಬೇಸ್‌ನಲ್ಲಿ ಎಲ್ಲೂ ಇರಲಿಲ್ಲ. ಹೊಸದರಲ್ಲಿ ಬಿಲ್‌ನ ಸ್ಥಿತಿಗೆ ಬೇರೆ ಕಾಲಂ ಮಾಡಿದೆವು, ನಗದು ಬಿಲ್‌ಗೆ ಬಿಲ್ ತಾರೀಖನ್ನೇ ಹಾಕಿದೆವು, ಬಾಕಿ ಇದ್ದದ್ದಕ್ಕೆ ಮತ್ತು ರದ್ದಾದದ್ದಕ್ಕೆ ಮಾತ್ರ ನಲ್.

ನಲ್ ಮಾಡಿದ ಮೇಲೂ ಹಳೆಯ ರಿಪೋರ್ಟ್‌ಗಳು ಹಾಗೇ ನಡೆಯುವುದಿಲ್ಲ. ಸೊನ್ನೆ ತಾರೀಖು ಎಲ್ಲ ತಾರೀಖಿಗಿಂತ ಚಿಕ್ಕದು. ಹಾಗಾಗಿ 'ಇಂದಿಗಿಂತ ಹಿಂದಿನದು' ಅಂತ ಕೇಳಿದರೆ ಅದೂ ಬರುತ್ತಿತ್ತು. ನಲ್ ಯಾವ ಹೋಲಿಕೆಗೂ ಸಿಗುವುದಿಲ್ಲ, ಸುಮ್ನೆ ಬಿಟ್ಟುಹೋಗುತ್ತದೆ. ಇನ್ನೊಂದು ಕಡೆ ಹಳೆಯ ಕೋಡ್ ಅದೇ ಸೊನ್ನೆಯನ್ನು 'ನಲ್ ಇದೆಯಾ' ಅಂತ ಕೇಳಿ ಹುಡುಕುತ್ತಿತ್ತು, ಅದು ಸಿಗುತ್ತಲೂ ಇತ್ತು! ಇದು ಮೈಎಸ್‌ಕ್ಯುಎಲ್‌ನ ಬರೆದಿಟ್ಟ ವಿಚಿತ್ರ. ನಲ್ ಬೇಡ ಅಂತ ಘೋಷಿಸಿದ ತಾರೀಖಿನ ಕಾಲಂನಲ್ಲಿ ಸೊನ್ನೆಯನ್ನು ಅದು ಹಾಗೆ ಹುಡುಕಿ ಕೊಡುತ್ತದೆ. ಬಾಕಿ ಪಟ್ಟಿಯ ಸರದಿಯೂ ತಲೆಕೆಳಗಾಯಿತು. ಏರಿಕೆಯ ಕ್ರಮದಲ್ಲಿ ಮೈಎಸ್‌ಕ್ಯುಎಲ್ ನಲ್‌ಗಳನ್ನು ಮೊದಲು ಇಡುತ್ತದೆ, ಪೋಸ್ಟ್‌ಗ್ರೆಸ್ ಕೊನೆಗೆ. ಬೆಳಗ್ಗೆ ಪರದೆ ತೆಗೆದ ಕೂಡಲೇ ಮೇಲೆ ಕಾಣಬೇಕಿದ್ದ ಬಾಕಿ ಬಿಲ್‌ಗಳು ಎಲ್ಲೋ ಕೊನೆಯ ಪುಟಕ್ಕೆ ಹೋಗಿ ಕೂತಿದ್ದವು. ನಲ್ ಮೊದಲು ಅಂತ ಬಾಯಿಬಿಟ್ಟು ಹೇಳಿದರೆ ಮುಗಿಯಿತು, ಆದರೆ ಹೇಳಬೇಕು.

ರೈತರ ಹುಟ್ಟಿದ ದಿನಾಂಕದಲ್ಲಿ 1962-00-00 ಥರದವು ಸಿಕ್ಕವು. ವರ್ಷ ಮಾತ್ರ ಗೊತ್ತು ಅಂತ ಅರ್ಥ. ಅದಕ್ಕೆ ಜನವರಿ 1 ಅಂತ ಹಾಕಿ ಸುಳ್ಳು ತಾರೀಖು ಹುಟ್ಟಿಸುವ ಬದಲು ವರ್ಷಕ್ಕೆ ಬೇರೆ ಕಾಲಂ ಕೊಟ್ಟೆವು.

ಕಾಂಟಾದ ಗಡಿಯಾರ

ಕಾಂಟಾದ ಕಂಪ್ಯೂಟರ್ ತೂಕದ ಸಮಯವನ್ನು ಪಠ್ಯವಾಗಿ ಬರೆಯುತ್ತಿತ್ತು. 05/12/2018 21:00:00, ಕೊನೆಯಲ್ಲಿ ಐಎಸ್‌ಟಿ ಅನ್ನುವ ಮೂರು ಇಂಗ್ಲಿಷ್ ಅಕ್ಷರ. ವಲಯವನ್ನೂ ಬರೆದಿದ್ದಾರಲ್ಲ, ಇದಕ್ಕಿಂತ ಸ್ಪಷ್ಟ ಇನ್ನೇನು ಬೇಕು ಅನಿಸುತ್ತದೆ. ಇದೇ ಎಲ್ಲಕ್ಕಿಂತ ಅಪಾಯದ ಕಾಲಂ ಆಗಿತ್ತು.

ಒಂದನೆಯದು ತಾರೀಖು. ನಮ್ಮ ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ತಿಂಗಳು-ದಿನ-ವರ್ಷ ಕ್ರಮದಲ್ಲಿ ಓದುವಂತೆ ಇತ್ತು. 25/12/2018 ಕೊಟ್ಟರೆ 25ನೇ ತಿಂಗಳು ಇಲ್ಲ ಅಂತ ತಕರಾರು ಮಾಡುತ್ತದೆ, ಒಳ್ಳೆಯದೇ. 05/12/2018 ಕೊಟ್ಟರೆ ಮೇ 12 ಅಂತ ತೆಪ್ಪಗೆ ತೆಗೆದುಕೊಳ್ಳುತ್ತದೆ. 12/12ರಂತೆ ದಿನ, ತಿಂಗಳು ಒಂದೇ ಆದದ್ದನ್ನು ಬಿಟ್ಟರೆ ತಿಂಗಳ ಮೊದಲ 12 ದಿನ ಸುಳ್ಳು, ಉಳಿದ ದಿನ ಎರರ್. ಎರರ್ ಬಂದ ಸಾಲುಗಳನ್ನಷ್ಟೇ ಕೈಯಿಂದ ತಿದ್ದಿ ಮುಂದೆ ಹೋಗುವವರ ಕಥೆ ಏನಾಗಬೇಕು?

ಎರಡನೆಯದು ಐಎಸ್‌ಟಿ. ಪೋಸ್ಟ್‌ಗ್ರೆಸ್‌ನ ಮೂಲ ಪಟ್ಟಿಯಲ್ಲಿ ಈ ಮೂರು ಅಕ್ಷರ ಇಸ್ರೇಲ್‌ನ ಸಮಯ, ಯುಟಿಸಿಗಿಂತ 2 ತಾಸು ಮುಂದೆ. ನಮ್ಮದು 5:30. ಹಾಗಾಗಿ ಪ್ರತಿ ತೂಕವೂ ಮೂರೂವರೆ ತಾಸು ಮುಂದಕ್ಕೆ ಹೋಗುತ್ತದೆ. ರಾತ್ರಿ 9ಕ್ಕೆ ತೂಗಿದ ಗಾಡಿ ಮಧ್ಯರಾತ್ರಿ 12:30ಕ್ಕೆ ತೂಗಿದಂತೆ ಆಗುತ್ತದೆ. ಮೊದಲೇ ಹೇಳಿದೆನಲ್ಲ, ಸೀಜನ್‌ನಲ್ಲಿ ಗಾಡಿಗಳು ಬರುವುದೇ ಕತ್ತಲಾದ ಮೇಲೆ. 8:30ರ ನಂತರ ಬಂದ ಗಾಡಿಗಳೆಲ್ಲ ಮರುದಿನದ ಆವಕಕ್ಕೆ ಸೇರಿಬಿಟ್ಟವು. ಒಟ್ಟು ಮೊತ್ತ ಸರಿ, ದಿನದ ಮೊತ್ತ ತಪ್ಪು. ಪೋಸ್ಟ್‌ಗ್ರೆಸ್‌ನಲ್ಲಿ ಭಾರತಕ್ಕೆ ಅಂತಲೇ ಬೇರೆ ಸಂಕ್ಷೇಪಗಳ ಪಟ್ಟಿ ಇದೆ, ಅದನ್ನು ಆರಿಸಿಕೊಳ್ಳಬಹುದು. ಆದರೆ ಮುಂದೆ ಯಾರಾದರೂ ಸರ್ವರ್ ಬದಲಾಯಿಸಿ ಆ ಸೆಟ್ಟಿಂಗ್ ಮರೆತರೆ ಮತ್ತೆ ಅದೇ ಗತಿ. ಅದಕ್ಕೇ ಮೂರು ಅಕ್ಷರವನ್ನು ಕಿತ್ತುಹಾಕಿ, ದಿನ-ತಿಂಗಳು-ವರ್ಷ ಅಂತ ಮಾದರಿ ಹೇಳಿ, ಭಾರತದ ಸಮಯಕ್ಕೆ ಇರುವ ಏಷ್ಯಾ/ಕೋಲ್ಕತಾ ವಲಯದಲ್ಲಿ ಓದಿಸಿದೆವು. ವಲಯ ಇಲ್ಲದ ಬರೀ ಟೈಮ್‌ಸ್ಟ್ಯಾಂಪ್ ಕಾಲಂಗೆ ಈ ಪಠ್ಯ ಹಾಕಿದ್ದರೆ ಐಎಸ್‌ಟಿಯನ್ನು ಅದು ಸದ್ದಿಲ್ಲದೆ ನುಂಗಿ, ಅಚಾನಕ್ಕಾಗಿ ಸರಿ ಉತ್ತರ ಕೊಡುತ್ತಿತ್ತು. ಅಂಥ ಸರಿ ಉತ್ತರವನ್ನು ನಂಬಿ ಕೂರುವುದು ನನಗೆ ಇಷ್ಟವಿಲ್ಲ.

ಕರೆಂಟ್ ಹೋಗಿ ಬಂದಾಗ ಕಾಂಟಾದ ಕಂಪ್ಯೂಟರ್ ಹಳೆಯ ವರ್ಷಕ್ಕೆ ಹೋಗಿ ಕೂತ ಸಾಲುಗಳೂ ಇದ್ದವು, ಮದರ್‌ಬೋರ್ಡಿನ ಸೆಲ್ ಸತ್ತಿದ್ದರಿಂದ. ಅವಕ್ಕೆ ಚೀಟಿ ನಂಬರ್ ಹಿಂದೆ ಮುಂದೆ ನೋಡಿ ತಾರೀಖು ಕೊಟ್ಟು, ಅಂದಾಜಿನದು ಅಂತ ಗುರುತು ಹಾಕಿದೆವು.

ಮದ್ರಾಸ್ ಸಮಯ

ಹಳೆಯ ಬಾಕಿಯ ಸಾಲುಗಳಿಗೆ 1900-01-01 00:00:00 ಅಂತ ಹಾಕಿದ್ದರು. ಇವು ಟೈಮ್‌ಸ್ಟ್ಯಾಂಪ್‌ಟಿಝಡ್‌ಗೆ ಹೋದ ಮೇಲೆ ಹೊರಗೆ ಬರುವಾಗ ಕೊನೆಯಲ್ಲಿ +05:21:10 ಅಂಟಿಸಿಕೊಂಡು ಬಂದವು. ಸಮಯದ ಅಂತರದಲ್ಲಿ ಸೆಕೆಂಡ್! ಮೊಬೈಲ್ ಆಪ್‌ನ ಲೈಬ್ರರಿಗೆ ಅದನ್ನು ಓದಲು ಆಗದೆ ಇಡೀ ಖಾತೆಯ ಪಟ್ಟಿಯೇ ಖಾಲಿ ಬಂತು. ಇದು ಡೇಟಾಬೇಸ್‌ನ ತಪ್ಪಲ್ಲ. 5:30ರ ಭಾರತೀಯ ಸಮಯ ಶುರುವಾದದ್ದು 1906ರ ಜನವರಿ 1ರಿಂದ. 1870ರಿಂದ ಅಲ್ಲಿಯ ತನಕದ ವರ್ಷಗಳಿಗೆ ಜಗತ್ತಿನ ಸಮಯವಲಯಗಳ ದಾಖಲೆಯಲ್ಲಿ ನಮ್ಮ ವಲಯಕ್ಕೆ ಮದ್ರಾಸ್ ಸಮಯ ಬರೆದಿದೆ, ಯುಟಿಸಿಗಿಂತ 5 ತಾಸು 21 ನಿಮಿಷ 10 ಸೆಕೆಂಡ್ ಮುಂದೆ. 1900ರಲ್ಲಿ ಈ ಊರು ಗುಲ್ಬರ್ಗಾ, ನಿಜಾಮರ ಸೀಮೆ. ಮಿಲ್ಲಿನ ಬಾಕಿಗೆ ಮದ್ರಾಸಿನ ಗಡಿಯಾರ ಕಟ್ಟಿದಂತಾಯಿತು. ಹಳೆಯ ಬಾಕಿ ಅನ್ನುವುದು ಒಂದು ಗಳಿಗೆಯೇ ಅಲ್ಲ. ಸಮಯ ತೆಗೆದುಹಾಕಿ ಅದಕ್ಕೆ ಬೇರೆ ಗುರುತು ಕೊಟ್ಟೆವು.

ಬಡ್ಡಿಯ ಒಂದು ದಿನ

ಹೊಸ ಸಾಫ್ಟ್‌ವೇರ್ ಹಳೆಯದರ ಜೊತೆಗೇ ಓಡುತ್ತಿದ್ದ ದಿನಗಳಲ್ಲಿ ಬಡ್ಡಿಯ ಲೆಕ್ಕ ಹೊಂದಲಿಲ್ಲ. ತಡವಾಗಿ ಕೊಟ್ಟ ಹಣಕ್ಕೆ ಅಡತಿಯವರಿಗೆ ದಿನದ ಲೆಕ್ಕದಲ್ಲಿ ಬಡ್ಡಿ ಸೇರಿಸುತ್ತಾರೆ. ಜನವರಿ 1ರ ಸಂಜೆ 6ಕ್ಕೆ ಬಿಲ್, 16ರ ಬೆಳಗ್ಗೆ 10ಕ್ಕೆ ಹಣ ಅಂದುಕೊಳ್ಳಿ. ಮೈಎಸ್‌ಕ್ಯುಎಲ್‌ನ ದಿನದ ಅಂತರದ ಫಂಕ್ಷನ್ ತಾರೀಖನ್ನು ಮಾತ್ರ ನೋಡಿ 15 ಅನ್ನುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಸಮಯ ಕಳೆದರೆ 14 ದಿನ 16 ತಾಸು ಬರುತ್ತದೆ, ದಿನದ ಭಾಗ ತೆಗೆದರೆ 14. ತಿಂಗಳಿಗೆ ನೂರಕ್ಕೆ ಒಂದೂವರೆಯ ದರ ಹಿಡಿದರೆ ಲಕ್ಷ ರೂಪಾಯಿಗೆ ದಿನಕ್ಕೆ 50 ರೂಪಾಯಿ. ಅಡತಿಯವರು ಅದನ್ನು ಬಿಡುತ್ತಾರಾ? ಎರಡೂ ಸಮಯವನ್ನು ಮೊದಲು ಭಾರತದ ತಾರೀಖಿಗೆ ತಿರುಗಿಸಿ, ತಾರೀಖಿನಿಂದ ತಾರೀಖು ಕಳೆದ ಮೇಲೆ 15 ಬಂತು.

ಇದೇ ಕಾರಣಕ್ಕೆ ಬಿಲ್ ತಾರೀಖು, ಗಡುವಿನ ತಾರೀಖು ಇವನ್ನು ಬರೀ ದಿನಾಂಕದ ಕಾಲಂ ಆಗಿಯೇ ಇಟ್ಟೆವು. ಒಂದು ಟೇಬಲ್‌ನಲ್ಲಿ ಬಿಲ್ ತಾರೀಖು ಟೈಮ್‌ಸ್ಟ್ಯಾಂಪ್‌ಟಿಝಡ್ ಆಗಿತ್ತು. ಏಪ್ರಿಲ್ 1ರ ಮಧ್ಯರಾತ್ರಿ ಅಂದರೆ ಯುಟಿಸಿಯಲ್ಲಿ ಮಾರ್ಚ್ 31ರ 18:30. ಆಪ್ ಸರ್ವರ್ ಯುಟಿಸಿಯಲ್ಲಿತ್ತು, ಹೊಸ ಹಣಕಾಸು ವರ್ಷದ ಮೊದಲ ದಿನದ ಬಿಲ್‌ಗಳು ಹಿಂದಿನ ವರ್ಷಕ್ಕೆ ಹೋಗಿ ಬಿದ್ದವು.

ಯಂತ್ರ ಎಷ್ಟು ತಾಸು ಓಡಿತು ಅನ್ನುವುದನ್ನು ಹಳೆಯದರಲ್ಲಿ ಸಮಯದ ಕಾಲಂನಲ್ಲಿ ಇಟ್ಟಿದ್ದರು. ಮೈಎಸ್‌ಕ್ಯುಎಲ್ ಅಲ್ಲಿ 838 ತಾಸಿನ ತನಕ ಒಪ್ಪುತ್ತದೆ, ಪೋಸ್ಟ್‌ಗ್ರೆಸ್ 24ಕ್ಕೆ ನಿಲ್ಲಿಸುತ್ತದೆ. 31:20:00 ಬಂದ ಕೂಡಲೇ ನಿಂತಿತು. ಅವಧಿಯ ಕಾಲಂ ಮಾಡಿದೆವು.

ತಿದ್ದಲು ಆಗದೆ ಉಳಿದದ್ದು

ಬಿಲ್ ಟೇಬಲ್‌ನ ಎಂಟ್ರಿ ಸಮಯ ಮಾತ್ರ ಪೂರ್ತಿ ಸರಿಹೋಗಲಿಲ್ಲ. ಮೈಎಸ್‌ಕ್ಯುಎಲ್ 5.5ರಲ್ಲಿ ಟೇಬಲ್‌ನ ಮೊದಲ ಟೈಮ್‌ಸ್ಟ್ಯಾಂಪ್ ಕಾಲಂ ಬೇರೆ ಏನೂ ಹೇಳದಿದ್ದರೆ, ಸಾಲನ್ನು ಯಾರು ತಿದ್ದಿದರೂ ತಾನಾಗಿಯೇ ಆ ಕ್ಷಣದ ಸಮಯಕ್ಕೆ ಬದಲಾಗುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಆ ತಿಂಗಳು ಯಾರೋ ಜಿಎಸ್‌ಟಿ ನಂಬರ್‌ಗೆ ಹೊಸ ಕಾಲಂ ಸೇರಿಸಿ, ಹಳೆಯ ಬಿಲ್‌ಗಳಿಗೆಲ್ಲ ಒಂದೇ ಏಟಿಗೆ ತುಂಬಿಸಿದ್ದರು. ಅದಕ್ಕೂ ಹಿಂದಿನ ಅಷ್ಟೂ ಬಿಲ್‌ಗಳ ಎಂಟ್ರಿ ಸಮಯ ಆ ಒಂದು ರಾತ್ರಿಯದೇ ಆಗಿಬಿಟ್ಟಿದೆ. ನಿಜವಾದ ಸಮಯ ಎಲ್ಲೂ ಉಳಿದಿಲ್ಲ. ಆಮೇಲಿನ ಬಿಲ್‌ಗಳಲ್ಲೂ ಅದು ಎಂಟ್ರಿ ಸಮಯವಾ, ಕೊನೆಯ ತಿದ್ದುಪಡಿಯ ಸಮಯವಾ ಹೇಳಲು ಬರುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಹಾಗೆ ತಾನಾಗಿ ಬದಲಾಗುವ ಕಾಲಂ ಇಲ್ಲ, ಸಾಲು ಬದಲಾದಾಗ ತಾನೇ ಓಡುವ ಟ್ರಿಗರ್ ಅನ್ನುವ ಕೋಡ್ ಬರೆಯಬೇಕು. ಹೊಸದರಲ್ಲಿ ಎಂಟ್ರಿಗೆ ಒಂದು ಕಾಲಂ, ತಿದ್ದುಪಡಿಗೆ ಇನ್ನೊಂದು. ಹಳೆಯ ಸಮಯವನ್ನು 'ಕೊನೆಯ ತಿದ್ದುಪಡಿ' ಕಾಲಂಗೆ ಹಾಕಿ, ಎಂಟ್ರಿ ಕಾಲಂ ನಲ್ ಬಿಟ್ಟೆವು. ಮಿಲ್ಲಿನ ಸಾಹುಕಾರರಿಗೆ ಖಾಲಿ ಕಾಲಂ ಇಷ್ಟವಾಗಲಿಲ್ಲ, ಏನಾದರೂ ತುಂಬಿ ಅಂದರು. ಮುನೀಮರೇ ಬೇಡ ಅಂತ ತಡೆದರು.

ಹಳೆಯ ಸರ್ವರ್ ಓದಲು ಮಾತ್ರ ತೆರೆದಿದೆ, ಆಡಿಟ್ ಮುಗಿಯುವ ತನಕ ಇರಲಿ ಅಂತ. ಕಾಂಟಾದ ಕಂಪ್ಯೂಟರ್‌ಗೆ ಹೊಸ ಸೆಲ್ ಹಾಕಿದ್ದೇವೆ. ಅದು ಈಗ ಸಮಯವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ, ಕೊನೆಗೆ ಅಕ್ಷರದ ಬದಲು +05:30 ಅಂತ ಬರೆದು ಕಳಿಸುತ್ತದೆ.